ಜೊಂಡಿನ ನೆರೆಹೊರೆ

ಗುಬ್ಬಿ, ಕುಣಿಗಲ್ ಕಡೆಯಿಂದ ಮಕ್ಕಳು ಮೇಷ್ಟ್ರುಗಳ ಜೊತೆ ಬೆಳಗಿನ ಬಸ್ಸಿಗೇ ತುಮಕೂರಿಗೆ ಬಂದಿಳಿದಿದ್ದಾರೆ.

ನಮ್ಮ ಕೆರೆಗಳ ಜೀವಿಗಳ ಈ ಚಿತ್ರಪ್ರದರ್ಶನದಲ್ಲಿ ಬಾಗಿಲ ಬಳಿಯೇ ಎರಡು ಚಿತ್ರ ಅಕ್ಕಪಕ್ಕ ಇವೆ. ಒಂದು, ಚುಕ್ಕೆ ಕೊಕ್ಕಿನ ಬಾತು. ಇನ್ನೊಂದು, ಹಳದಿ ಮೈಯ ಡ್ಯಾಮ್ಸೆಲ್‌ಫ್ಲೈ. ಹುಡುಗರ ಬಾಯಲ್ಲಿ ಅದೂ ಏರೋಪ್ಲೇನ್ ಚಿಟ್ಟೆಯೇ. ಆದರೆ ಏರೋಪ್ಲೇನ್ ಚಿಟ್ಟೆ ಕೂತಾಗಲೂ ರೆಕ್ಕೆ ಚಾಚಿರುತ್ತದೆ, ಇದು ಬೆನ್ನಮೇಲೆ ಮಡಿಸಿಕೊಳ್ಳುತ್ತದೆ.

ಎರಡೂ ಪ್ರಾಣಿಗಳು ಎನ್ನುವಲ್ಲಿಗೆ ನೆಂಟಸ್ತಿಕೆ ಮುಗಿಯಿತು. ಬಾತು ಬೆನ್ನೆಲುಬಿರುವ ಹಕ್ಕಿ, ಅನಾಟಿಡೆ ಕುಟುಂಬದ್ದು. ಡ್ಯಾಮ್ಸೆಲ್‌ಫ್ಲೈ ಒಡೊನೇಟಾ ಗಣದ ಕೀಟ. ಆದರೂ ಜೀವಿಗಳ ಅಳಿವಿನ ಭಯವನ್ನು ಅಳೆಯುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇಬ್ಬರಿಗೂ ಒಂದೇ ದರ್ಜೆ: ಸದ್ಯಕ್ಕೆ ಆತಂಕವಿಲ್ಲ.

ಇದನ್ನೋದಿ ನಿರಾಳವಾಗಬೇಡಿ. ಅದು ಇಡೀ ಜಗತ್ತಿನ ಲೆಕ್ಕ. ಕಡಬ ಕೆರೆಯದೂ ಅಲ್ಲ, ಕುಣಿಗಲ್ ದೊಡ್ಡಕೆರೆಯದೂ ಅಲ್ಲ. ಮನೆತನಕ್ಕೆಲ್ಲ ಸೇರಿಸಿ ಕೊಟ್ಟ ಪತ್ರವೂ ಅಲ್ಲ. ಇದೇ ಬಾತಿನ ಕುಟುಂಬದ ಕಾಮನ್ ಪೋಚರ್ಡ್, ಚಳಿಗಾಲಕ್ಕೆ ನಮ್ಮ ದೇಶಕ್ಕೆ ಬರುವ ಕೆಂದಲೆಯ ಅತಿಥಿ, 2015ರಿಂದ ಅಪಾಯದಲ್ಲಿರುವವರ ಸಾಲಿಗೆ ಸೇರಿದೆ.

ಬಾತನ್ನು ಎಣಿಸುವವರಾದರೂ ಇದ್ದಾರೆ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಏರೋಪ್ಲೇನ್ ಚಿಟ್ಟೆ, ಡ್ಯಾಮ್ಸೆಲ್‌ಫ್ಲೈಗಳ ಮೊದಲ ಜಾಗತಿಕ ಮೌಲ್ಯಮಾಪನ ಹೊರಬಿದ್ದದ್ದು ಮಾತ್ರ 2021ರ ಡಿಸೆಂಬರಿನಲ್ಲಿ. 6,016 ಪ್ರಭೇದಗಳಲ್ಲಿ ಶೇಕಡ 16ರಷ್ಟಕ್ಕೆ ಅಳಿವಿನ ಭಯವಿದೆ ಎಂದಿತು ಅದು.

ಈಗ ಕಡಬ ಕೆರೆ ಬತ್ತಿತು ಅನ್ನಿ. ಬಾತು ಶಿಂಷಾ ಹೊಳೆಯ ಜಾಡು ಹಿಡಿದು ಮಾರ್ಕೋನಹಳ್ಳಿ ಜಲಾಶಯಕ್ಕೆ ಹಾರಿಹೋದೀತು. ನೀರೊಳಗೆ ಸೊಳ್ಳೆಮರಿ ತಿಂದುಕೊಂಡು, ಬಾಲದ ತುದಿಯ ಮೂರೆಸಳಿನ ಕಿವಿರಿನಿಂದ ಉಸಿರಾಡುವ ಡ್ಯಾಮ್ಸೆಲ್‌ಫ್ಲೈ ಮರಿ ಎಲ್ಲಿಗೆ ಹೋಗಬೇಕು? ತಾಯಿ ಮೊಟ್ಟೆಯಿಟ್ಟದ್ದು ನೀರುಗಿಡದ ದಂಟಿನೊಳಗೆ. ಬಾತು ಗೂಡು ಕಟ್ಟುವುದೂ ನೀರಂಚಿನ ಹುಲ್ಲು, ಜೊಂಡಿನ ಮರೆಯಲ್ಲೇ. ನಾವೋ, ಕೆರೆಗೆ ಅಂದ ಕೊಡುತ್ತೇವೆಂದು ಆ ಜೊಂಡನ್ನೇ ಕಿತ್ತು, ಸುತ್ತ ಕಲ್ಲು ಕಟ್ಟಿ, ನಡೆದಾಡಲು ದಾರಿ ಮಾಡಿ, ರಾತ್ರಿಯಿಡೀ ದೀಪ ಉರಿಸುತ್ತೇವೆ. ವಾಕಿಂಗ್ ನನಗೂ ಬೇಕು, ಡಾಕ್ಟರು ಹೇಳಿದ್ದಾರೆ. ಅದಕ್ಕೆ ನಾಲ್ಕೂ ಕಡೆ ಕಲ್ಲೇ ಆಗಬೇಕೆ? ನೀರು ಒಳಬರುವ ಬದಿಯನ್ನಾದರೂ ಇದ್ದ ಹಾಗೇ ಬಿಡಿ ಎಂದು ವೇದಿಕೆಯ ಮೇಲಿರುವ ಅಧಿಕಾರಿಗಳನ್ನು ಎಲ್ಲರೆದುರಿಗೇ ಕೇಳುತ್ತಿದ್ದೇನೆ.

ಪ್ರದರ್ಶನ ಉದ್ಘಾಟನೆಯಾಯಿತು. ಮಕ್ಕಳು ಮೊದಲು ಒಳಗೆ ಹೋಗಲಿ, ನಮ್ಮ ಗ್ರೂಪ್ ಫೋಟೋ ಆಮೇಲೆ.