ಅವ್ವನ ಕೈಯಳತೆ ಬರೆದಿಡೋಣ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕವಿತೆ ಓದ್ತಾನೆ ಅಂತ ನನ್ನನ್ನ ಕರೆಸಿದ್ದೀರಿ. ಇವತ್ತು ಕವಿತೆ ಬೇಡ, ಉಪ್ಸಾರು ಮಾಡೋದು ಹೇಗೆ ಅಂತ ಹೇಳ್ತೀನಿ. ಹಿಂದಿನ ಸಾಲಿನವರು ಆಗಲೇ ನಗ್ತಾ ಇದ್ದಾರೆ. ಹೋರಾಟದ ಸಭೇಲಿ ಸಾರಿನ ಮಾತಾ ಅಂತ. ನಗಿ, ಪರವಾಗಿಲ್ಲ. ಆದರೆ ಇಲ್ಲಿ ಕೂತಿರೋ ನೂರು ಜನರಲ್ಲಿ ಎಷ್ಟು ಜನಕ್ಕೆ ಅವ್ವ ಮಾಡೋ ಸಾರನ್ನ ಅವ್ವನಿಲ್ಲದೆ ಮಾಡೋಕೆ ಬರುತ್ತೆ? ಕೈ ಎತ್ತಿ ನೋಡೋಣ. ಎಣಿಸಿದೆ, ಒಂಬತ್ತು. ಅದರಲ್ಲಿ ಆರು ಹೆಣ್ಣುಮಕ್ಕಳು.

ಕೇಳಿ. ಮೊದಲು ಒಂದು ಹಿಡಿ ಹುರುಳಿಕಾಳನ್ನೋ ಅವರೆಕಾಳನ್ನೋ ಬೇಯಲು ಹಾಕಬೇಕು. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು, ಸೊಪ್ಪಿನ ಜೊತೆಗೆ ಉಪ್ಪು. ಎರಡನ್ನೂ ಒಟ್ಟಿಗೆ ಹಾಕಿದರೆ ಕಾಳು ಬೇಯೋ ಹೊತ್ತಿಗೆ ಸೊಪ್ಪು ಕರಗಿ ಹೋಗಿರುತ್ತೆ. ಉಪ್ಪು ಮೊದಲೇ ಬಿದ್ದರೆ ಕಾಳು ಬೇಯೋಕೆ ಹಟ ಹಿಡಿಯುತ್ತೆ ಅನ್ನೋದು ನಮ್ಮ ಕಡೆ ಹೆಂಗಸರ ಲೆಕ್ಕ. ಆ ನೀರಲ್ಲೇ ನಾಲ್ಕು ಹಸಿ ಮೆಣಸಿನಕಾಯಿ ಇಡಿಯಾಗಿ ಹಾಕಿ, ಬೆಂದ ಮೇಲೆ ತೆಗೆದಿಡಬೇಕು. ಈಗ ನೀರನ್ನ ಬಸಿಯಬೇಕು. ಆ ಬಸಿದ ನೀರೇ ಸಾರು. ತೆಗೆದಿಟ್ಟ ಮೆಣಸಿನಕಾಯಿಗೆ ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸು, ಹುಣಸೆಹಣ್ಣು, ಉಪ್ಪು ಸೇರಿಸಿ ಕಲ್ಲಲ್ಲಿ ಅರೆದರೆ ಖಾರ. ಖಾರವನ್ನ ಸಾರಿಗೆ ಕುದಿಸಬಾರದು. ತಟ್ಟೆಯಂಚಿಗೆ ಇಟ್ಟುಕೊಂಡು, ಬೇಕಾದಷ್ಟು ಬಿಸಿ ಸಾರಲ್ಲಿ ಕಲಸಿಕೊಳ್ಳಬೇಕು. ಪಾತ್ರೇಲಿ ಉಳಿದ ಕಾಳು ಸೊಪ್ಪಿಗೆ ಎಣ್ಣೆ ಇದ್ದ ದಿನ ಒಗ್ಗರಣೆ, ಇಲ್ಲದ ದಿನ ಹಾಗೇ ಪಲ್ಯ.

ಒಂದು ಒಲೆ, ಒಂದು ಪಾತ್ರೆ, ಒಂದೇ ಉರಿ. ಅದರಲ್ಲಿ ಸಾರೂ ಆಯ್ತು ಪಲ್ಯವೂ ಆಯ್ತು. ಸೊಪ್ಪಿನ ಸಾರ ಬಸಿದ ನೀರಲ್ಲಿ ಚರಂಡಿಗೆ ಹೋಗಲಿಲ್ಲ, ಹೊಟ್ಟೆಗೆ ಹೋಯ್ತು. ಮಗುವಿಗೆ ಖಾರ ಬೇಡ, ಬರೀ ನೀರು ಸಾಕು. ಹೊಲದಿಂದ ಬಂದ ಅಪ್ಪನಿಗೆ ಖಾರ ಜಾಸ್ತಿ ಬೇಕು. ಒಂದೇ ಅಡುಗೆ ಎಲ್ಲರ ನಾಲಿಗೆಗೂ ಹೊಂದಿತು. ಸೌದೆ ಎಷ್ಟು ಉಳಿಯಿತು, ಹೊತ್ತು ಎಷ್ಟು ಉಳಿಯಿತು ಲೆಕ್ಕ ಹಾಕಿ. ಇದನ್ನ ಕಂಡುಹಿಡಿದವರು ಯಾವ ಕಾಲೇಜಿಗೂ ಹೋದವರಲ್ಲ. ಯಾರದೋ ಹೊಲದಲ್ಲಿ ಬೆಳಗಿಂದ ಸಂಜೆ ತನಕ ಕಳೆ ಕಿತ್ತು ಬಂದು, ಕತ್ತಲಾಗೋದರೊಳಗೆ ಆರು ಬಾಯಿಗೆ ಉಣ್ಣಿಸಬೇಕಾದ ಹೆಂಗಸರು.

ಕಳೆ ಅಂದೆನಲ್ಲ, ಆ ಸೊಪ್ಪು ಬರೋದೇ ಅಲ್ಲಿಂದ. ಅಣ್ಣೆ ಸೊಪ್ಪು, ಹೊನಗೊನ್ನೆ, ಗಣಿಕೆ, ಮೊದಲ ಮಳೆ ಬಿದ್ದ ಮೇಲೆ ಚಿಗುರೋ ಎಳೆ ಚಗಟೆ. ಹೊಲದ ಯಜಮಾನನಿಗೆ ಅದು ಕಸ. ನಮ್ಮವ್ವಂದಿರು ಕೂಲಿ ಜೊತೆಗೆ ಅದನ್ನ ಮಡಿಲಿಗೆ ಹಾಕ್ಕೊಂಡು ಬಂದರು. ಹತ್ತು ಬಗೆ ಸೊಪ್ಪು ಬೆರೆಸಿದರೆ ಬೆರಕೆ ಸೊಪ್ಪು. ಕೋಲಾರದ ಕಡೆಯವರಿಗೆ ಇದರ ರುಚಿ ಹೇಳಬೇಕಿಲ್ಲ. ಯಾವುದು ಕಹಿ, ಯಾವುದನ್ನ ಬಸಿದು ನೀರು ಚೆಲ್ಲಬೇಕು, ಯಾವುದು ಹೂ ಬಿಟ್ಟ ಮೇಲೆ ನಾರಾಗುತ್ತೆ, ಯಾವುದು ಬಾಣಂತಿಗೆ ಆಗೋದಿಲ್ಲ, ಇದೆಲ್ಲ ಅವರಿಗೆ ಬಾಯಿಪಾಠ. ಸಸ್ಯಶಾಸ್ತ್ರದ ಮೇಷ್ಟ್ರಿಗೆ ಗೊತ್ತಿರೋದಕ್ಕಿಂತ ಕಡಿಮೆ ಏನಲ್ಲ. ಈಗ ಹೊಲಕ್ಕೆ ಕಳೆನಾಶಕ ಹೊಡೀತಾರೆ. ಕಳೆಯ ಜೊತೆಗೆ ಅಣ್ಣೆ ಸೊಪ್ಪೂ ಸುಟ್ಟು ಹೋಗುತ್ತೆ, ಕಳೆ ಕೀಳೋ ಕೂಲೀನೂ ಹೋಗುತ್ತೆ. ಇನ್ನು ಇಪ್ಪತ್ತು ವರ್ಷಕ್ಕೆ ಆ ಸೊಪ್ಪಿನ ಹೆಸರು ಹೇಳೋರು ಯಾರು?

ಅದಕ್ಕೇ ಪುಸ್ತಕದ ಮಾತು ಎತ್ತುತ್ತೀನಿ. ಕನ್ನಡದಲ್ಲಿ ಅಡುಗೆ ಬರೆಯೋದು ಹೊಸದಲ್ಲ. ಸಾವಿರ ವರ್ಷದ ಹಿಂದೆ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅಡುಗೆ ಹೇಳಿದ. 16ನೇ ಶತಮಾನದಲ್ಲಿ ಮಂಗರಸ ‘ಸೂಪಶಾಸ್ತ್ರ’ ಅಂತ ಇಡೀ ಗ್ರಂಥವನ್ನೇ ಪದ್ಯದಲ್ಲಿ ಬರೆದ. ಬದನೆಕಾಯಿಗೇ ಒಂದು ಅಧ್ಯಾಯ ಕೊಟ್ಟ. ಸೊಗಸಾದ ಕೆಲಸ, ಬೇಡ ಅನ್ನೋದಿಲ್ಲ. ಆದರೆ ಮಾಂಸದ ವಾಸನೆ ಇಲ್ಲ. ಅವನು ಜೈನ, ಇರೋಕೆ ಸಾಧ್ಯವೂ ಇಲ್ಲ. ಹಾಗಂತ ಹಿಂದಿನ ದೊಡ್ಡವರೆಲ್ಲ ಸೊಪ್ಪು ತಿಂದ್ಕೊಂಡೇ ಇದ್ದರು ಅಂತ ತಿಳೀಬೇಡಿ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಸಿದ. ಅದರಲ್ಲಿ ಕರುಳಿನ ಅಡುಗೆ ಇದೆ, ಗದ್ದೆ ಇಲಿಯನ್ನ ಹೇಗೆ ಹಸನು ಮಾಡಿ ಬೇಯಿಸಬೇಕು ಅಂತಲೂ ಇದೆ. ರಾಜ ಬರೆಸಿದರೆ ಅದು ಪಾಕಶಾಸ್ತ್ರ. ಅದೇ ಕರುಳು ಕೇರೀಲಿ ಬೆಂದರೆ ಮೂಗು ಮುಚ್ಚಿಕೊಳ್ತಾರೆ. 1973ರಲ್ಲಿ ಮೈಸೂರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದು ಮಂತ್ರಿ ಪದವಿ ಕಳ್ಕೊಂಡರು. ಅಡುಗೆ ಪುಸ್ತಕಗಳ ಬಗ್ಗೆ ಅವರೇನಾದರೂ ಮಾತಾಡಿದ್ದರೆ ಏನಾಗ್ತಿತ್ತೋ!

ಪಕ್ಕದ ಮಹಾರಾಷ್ಟ್ರದಲ್ಲಿ ಈ ಕೆಲಸ ಶುರುವಾಗಿದೆ. ಶಾಹು ಪಾಟೋಳೆ ಅನ್ನೋರು ಮರಾಠವಾಡದ ಮಹಾರ್, ಮಾಂಗ್ ಕೇರಿಗಳ ಅಡುಗೆಯನ್ನ 2015ರಲ್ಲಿ ಪುಸ್ತಕ ಮಾಡಿದರು. ಅನ್ನ ಪೂರ್ಣಬ್ರಹ್ಮ ಅಂತ ಅವರು ಹೇಳ್ತಾರಲ್ಲ, ಇವರು ‘ಅನ್ನ ಹೇ ಅಪೂರ್ಣಬ್ರಹ್ಮ’ ಅಂತಲೇ ಹೆಸರಿಟ್ಟರು. 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ಬೀದರ್ ದಾಟಿದರೆ ಮರಾಠವಾಡ. ಅಲ್ಲಿಂದ ಇಲ್ಲಿಗೆ ಈ ಬುದ್ಧಿ ಬರೋಕೆ ರೈಲು ಬೇಕಾ?

ಮಾಂಸದ ಅಡುಗೆಗೆ ಬರ್ತೀನಿ. ಬೋಟಿ ಅಂದರೆ ಮುಖ ಸಿಂಡರಿಸೋರು ಅದನ್ನ ತೊಳೆಯೋದು ನೋಡಿಲ್ಲ. ಅಡುಗೆಗಿಂತ ತೊಳೆಯೋದೇ ದೊಡ್ಡ ವಿದ್ಯೆ. ಕರುಳನ್ನ ಕಡ್ಡಿ ತೂರಿಸಿ ಒಳಗಿನದು ಹೊರಗೆ ಮಾಡಬೇಕು. ಹೊಟ್ಟೆಚೀಲವನ್ನ ಬಿಸಿನೀರಲ್ಲಿ ಅದ್ದಿ ಥಟ್ಟನೆ ತೆಗೆದು, ಸುಣ್ಣ ಸವರಿ, ಮೇಲಿನ ಕಪ್ಪು ಪೊರೆಯನ್ನ ಚಾಕುವಿನ ಬೆನ್ನಿಂದ ಕೆರೆಯಬೇಕು. ಬಿಸಿನೀರಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೂ ಪೊರೆ ಅಂಟಿಕೊಂಡು ಬಿಡುತ್ತೆ, ಆಮೇಲೆ ಯಾರ ಕೈಲೂ ಬರೋದಿಲ್ಲ. ಸುಣ್ಣ ಹೋಗೋ ತನಕ ತೊಳೆದು, ಉಪ್ಪು ಅರಿಶಿನ ಹಾಕಿ ತಿಕ್ಕಿ, ಒಂದು ಕುದಿ ಬೇಯಿಸಿ ಆ ನೀರು ಚೆಲ್ಲಬೇಕು. ಆಮೇಲೆ ನೆನೆಸಿದ ಕಡಲೆಕಾಳು ಜೊತೆ ಬೇಯಿಸಿ, ಈರುಳ್ಳಿ, ಕೊತ್ತಂಬರಿ ಬೀಜ, ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಹುರಿದರೆದ ಮಸಾಲೆ ಹಾಕಿದರೆ ಬೋಟಿ ಗೊಜ್ಜು. ನೆತ್ತರು ಇದಕ್ಕಿಂತ ಸುಲಭ. ಹೆಪ್ಪುಗಟ್ಟಿದ್ದನ್ನ ಬೇಯಿಸಿ, ಪುಡಿಮಾಡಿ, ಈರುಳ್ಳಿ ಹಸಿ ಮೆಣಸಿನಕಾಯಿ ಜೊತೆ ಹುರಿದರೆ ಮುಗೀತು.

ಒಣಬಾಡಿನ ಲೆಕ್ಕವೇ ಬೇರೆ. ಹಸಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಆ ನೀರು ಹೋದರೆ ಕೊಳೆಯೋ ಮಾತಿಲ್ಲ. ಉದ್ದುದ್ದ ಪಟ್ಟಿ ಕುಯ್ದು, ಉಪ್ಪು ಅರಿಶಿನ ಸವರಿ, ಹಗ್ಗಕ್ಕೆ ತೋರಣದ ಹಾಗೆ ನೇತುಹಾಕಿ, ಕಟ್ಟಿಗೆಯಂತಾಗೋ ತನಕ ಒಣಗಿಸಿ, ಒಲೆಯ ಹೊಗೆ ತಾಗೋ ಕಡೆ ಮಡಕೇಲಿ ಇಡೋದು. ಬೇಕಾದಾಗ ಕೆಂಡದ ಮೇಲೆ ಸುಟ್ಟು, ಜಜ್ಜಿ, ಅವರೆಕಾಳಿಗೋ ಬದನೆಕಾಯಿಗೋ ನಾಲ್ಕು ತುಂಡು ಹಾಕಿದರೆ ಇಡೀ ಸಾರಿಗೆ ಬಾಡಿನ ರುಚಿ. ಫ್ರಿಜ್ಜು ಬರೋ ಮುಂಚಿನ ಫ್ರಿಜ್ಜು ಅದು. 2020ರಲ್ಲಿ ಬಂದ ಗೋಹತ್ಯೆ ಕಾಯ್ದೆ ದನ, ಕರು, ಎತ್ತು, ಹದಿಮೂರು ವರ್ಷದೊಳಗಿನ ಎಮ್ಮೆ ಯಾವುದನ್ನೂ ಕಡಿಯೋ ಹಾಗಿಲ್ಲ ಅಂತು, ಮೂರರಿಂದ ಏಳು ವರ್ಷ ಜೈಲು ಅಂತು. ಬಡವರ ತಟ್ಟೆಯಲ್ಲಿ ಅಗ್ಗದ ಮಾಂಸ ಯಾವುದಿತ್ತೋ ಅದನ್ನೇ ಹುಡುಕಿ ಕಿತ್ತುಕೊಂಡರು.

ಇಲ್ಲಿ ಒಂದು ಎಚ್ಚರ ಬೇಕು. ಕೇರಿಯ ಅಡುಗೆ ಅಂದ ಕೂಡಲೇ ಹಳೇದೆಲ್ಲ ಚಿನ್ನ ಅಂತ ಹಾಡೋರಿದ್ದಾರೆ. ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಕೆರೆ ನೀರು ಮುಟ್ಟಿದಾಗಲೇ ಸತ್ತ ದನದ ಮಾಂಸ ಬಿಡಿ, ಎಸೆದ ಎಂಜಲು ಮುಟ್ಟಬೇಡಿ ಅಂತಲೂ ಹೇಳಿದರು. ಸತ್ತ ದನ ಹೊರೋದು ಬಲವಂತದ ಚಾಕರಿ, ಆ ಮಾಂಸ ಚಾಕರಿಯ ಕೂಲಿ. ಅದನ್ನ ಸಂಪ್ರದಾಯ ಅಂತ ಮೆರೆಸೋಕೆ ನಾನು ಸಿದ್ಧನಿಲ್ಲ. ದೇವನೂರ ಮಹಾದೇವರ ‘ಒಡಲಾಳ’ ಓದಿದ್ದೀರಲ್ಲ? ಕದ್ದು ತಂದ ಒಂದು ಮೂಟೆ ಕಡಲೆಕಾಯಿಯನ್ನ ಮನೆಮಂದಿಯೆಲ್ಲ ಸುತ್ತ ಕೂತು ಒಂದೇ ರಾತ್ರಿ ತಿಂದು ಮುಗಿಸ್ತಾರೆ. ಅದರಲ್ಲಿ ಖುಷಿಯೂ ಇದೆ, ಹಸಿವೂ ಇದೆ. ಎರಡರಲ್ಲಿ ಒಂದನ್ನ ಬಿಟ್ಟು ಬರೆದರೆ ಸುಳ್ಳು ಬರೆದ ಹಾಗೆ. ಹಸಿವಿಂದ ಹುಟ್ಟಿದ ಅಡುಗೇಲೂ ಜಾಣತನ ಇದೆ. ಜಾಣತನವನ್ನ ಇಟ್ಟುಕೊಳ್ಳೋಣ, ಹಸಿವನ್ನ ಹಾಡಿ ಹೊಗಳೋದು ಬೇಡ.

ಮುದ್ದೆ ವಿಷಯ ನೋಡಿ. ಮುದ್ದೆ ತಿನ್ನೋನು ಅಂತ ಎಷ್ಟು ಹಾಸ್ಟೆಲಲ್ಲಿ ಎಷ್ಟು ಹುಡುಗರನ್ನ ರೇಗಿಸಿಲ್ಲ? 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತು. ಆಗ ದೊಡ್ಡ ಹೋಟೆಲುಗಳಲ್ಲಿ ರಾಗಿಗೆ ರೇಷ್ಮೆ ಶಾಲು ಹೊದಿಸಿದರು. ಇದು ಕನಕದಾಸರಿಗೆ ಮುಂಚೆಯೇ ಗೊತ್ತಿತ್ತು. ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ, ಆರು ತಿಂಗಳು ಇಬ್ಬರಿಗೂ ಸೆರೆ. ಹೊರಗೆ ಬಂದಾಗ ಭತ್ತ ಕಳೆಗುಂದಿತ್ತು, ರಾಗಿ ಹಾಗೇ ಇತ್ತು. ಅದು ಕತೆ ಮಾತ್ರ ಅಲ್ಲ, ಹಗೇವಿನಲ್ಲಿ ಹಾಕಿಟ್ಟ ರಾಗಿ ವರ್ಷಗಟ್ಟಲೆ ಕೆಡೋದಿಲ್ಲ ಅನ್ನೋ ರೈತರ ಅನುಭವ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ‘ಇಂಡಾಫ್’ ತಳಿಗಳನ್ನ ಮಾಡಿದರು, ಇಳುವರಿ ಏರಿತು. ಮುದ್ದೆ ಬಡವರ ತಟ್ಟೆಗೆ ಸಾಕಾಗುವಷ್ಟು ಬಂದದ್ದರಲ್ಲಿ ಆ ಮನುಷ್ಯನ ಬೆವರೂ ಇದೆ.

ಆದರೆ ಮುದ್ದೆ ಕಟ್ಟೋಕೆ ಬರುತ್ತಾ? ಒಂದು ಪಾವು ಹಿಟ್ಟಿಗೆ ಹತ್ತಿರ ಹತ್ತಿರ ಎರಡು ಪಾವು ನೀರು. ಹಿಟ್ಟು ಹಳೇದಾದರೆ ನೀರಿನ ಲೆಕ್ಕ ಸ್ವಲ್ಪ ಹಿಂದೆ ಮುಂದೆ. ತಣ್ಣೀರಲ್ಲೇ ಒಂದು ಚಮಚ ಹಿಟ್ಟು ಕದಡಿ ಕುದಿಸಬೇಕು. ಮರಳಿದಾಗ ಹಿಟ್ಟನ್ನೆಲ್ಲ ನಡುವೆ ಗುಡ್ಡೆಯಾಗಿ ಸುರಿದು, ತಿರುವದೆ, ಕೋಲಿಂದ ನಡುವೆ ಒಂದು ತೂತು ಮಾಡಿ ಬಿಡಬೇಕು. ಅವಸರದವರು ಇಲ್ಲೇ ಕೆಡಿಸೋದು, ಸುರಿದ ಕೂಡಲೇ ತಿರುವಿ ಗಂಟು ಮಾಡ್ಕೊಳ್ತಾರೆ. ನೀರು ಹಿಟ್ಟಿನ ಮೇಲೆ ಉಕ್ಕಿ ಬಂದು ಹಿಟ್ಟು ಬೆಂದ ವಾಸನೆ ಬಂದ ಮೇಲೆ, ಪಾತ್ರೆಯನ್ನ ಕಾಲಲ್ಲೋ ಕವೆಗೋಲಲ್ಲೋ ಅದುಮಿ ಹಿಡಿದು, ಹಿಟ್ಟನ್ನ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಬೇಕು. ಮುಚ್ಚಿ ಸಣ್ಣ ಉರೀಲಿ ಬಿಡಬೇಕು. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು, ಅದೇ ಪರೀಕ್ಷೆ. ಆಮೇಲೆ ಒದ್ದೆ ಮಣೆ ಮೇಲೆ ಹಾಕಿ ಬಿಸಿ ಇರುವಾಗಲೇ ಉಂಡೆ ಕಟ್ಟೋದು. ಕೈ ಸುಡುತ್ತೆ. ನಮ್ಮವ್ವಂದಿರ ಅಂಗೈ ಯಾಕೆ ಹಾಗಿದೆ ಅಂತ ಆಗ ಗೊತ್ತಾಗುತ್ತೆ.

ಗಂಡು ಹುಡುಗರಿಗೆ ನೇರವಾಗಿ ಹೇಳ್ತೀನಿ. ಸಭೇಲಿ ಸಮಾನತೆ ಅಂತ ಗಂಟಲು ಹರ್ಕೊಂಡು, ಊರಿಗೆ ಹೋದಾಗ ಅವ್ವ ತಟ್ಟೆ ಮುಂದಿಡೋ ತನಕ ಗೋಡೆಗೊರಗಿ ಕೂರೋದು ಯಾವ ಹೋರಾಟ? ಅಡುಗೆ ಮನೇಲಿ ಕೂತು ಕೈಗೆ ಕೈ ಹಾಕಿದರೆ ಮಾತ್ರ ಅವ್ವನ ವಿದ್ಯೆ ನಮಗೆ ಬರೋದು. ಕೇಳಿದರೆ ಬರೋದಿಲ್ಲ. ‘ಎಷ್ಟು ಉಪ್ಪು ಅವ್ವ’ ಅಂದರೆ ‘ಅಂದಾಜಿಗೆ ಹಾಕು’ ಅಂತಾರೆ. ಅವರು ಮುಚ್ಚಿಡ್ತಾ ಇಲ್ಲ, ಅಳತೆ ಅವರ ಬೆರಳಲ್ಲಿದೆ, ನಾಲಿಗೆಯಲ್ಲಿಲ್ಲ.

ಊಟಕ್ಕೂ ಜಾತಿಗೂ ಇರೋ ನಂಟು ಹಳ್ಳೀಲೇ ಉಳಿದಿಲ್ಲ. ಬಿ.ಎ. ಮುಗಿಸಿ ಬೆಂಗಳೂರಲ್ಲಿ ರೂಮು ಹುಡುಕುವಾಗ ಒಬ್ಬ ಮನೆ ಮಾಲೀಕರು ನನ್ನ ಹೆಸರನ್ನೇ ಕೇಳಲಿಲ್ಲ. ‘ಏನು ತಿಂತೀರಪ್ಪ?’ ಅಂದರು. ಜಾತಿ ಕೇಳೋಕೆ ಅದಕ್ಕಿಂತ ನಯವಾದ ದಾರಿ ಇಲ್ಲ. ಶಾಲೇಲಿ ದಲಿತ ಹೆಂಗಸು ಬಿಸಿಯೂಟ ಮಾಡಿದಳು ಅಂತ ಮಕ್ಕಳನ್ನ ತಟ್ಟೆ ಮುಂದಿಂದ ಎಬ್ಬಿಸಿದ ಸುದ್ದಿ ಈಗಲೂ ಪೇಪರಲ್ಲಿ ಬರುತ್ತೆ. ಯೋಜನೆಯ ಹೆಸರು ಅಕ್ಷರ ದಾಸೋಹ. 2021ರ ಡಿಸೆಂಬರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ, ಮೊಟ್ಟೆ ಬೇಡ ಅಂತ ಮೊದಲು ಬೀದಿಗೆ ಬಂದವರ ಮನೆ ಮಕ್ಕಳಲ್ಲಿ ಎಷ್ಟು ಜನ ಆ ಶಾಲೇಲಿ ಓದ್ತಿದ್ದರು?

ಈಗ ಕೆಲಸ. ರಜಕ್ಕೆ ಊರಿಗೆ ಹೋಗ್ತೀರಿ. ಒಂದು ನೋಟ್‌ಬುಕ್ ತಗೊಂಡು ಹೋಗಿ. ಅವ್ವ, ಅಜ್ಜಿ, ಚಿಕ್ಕಮ್ಮ ಯಾರಿದ್ದಾರೋ ಅವರ ಪಕ್ಕ ಕೂತು ಒಂದೇ ಒಂದು ಅಡುಗೆ ಬರ್ಕೊಂಡು ಬನ್ನಿ. ಅವರು ಹಿಡಿ ಹಾಕುವಾಗ ಕೈ ಹಿಡಿದು, ಆ ಹಿಡಿಯನ್ನ ಪಾವಿಗೆ ಸುರಿದು ಅಳೆಯಿರಿ. ಅವರ ಹೆಸರು ಬರೀರಿ, ಊರು ಬರೀರಿ. ಸೊಪ್ಪಿಗೆ ನಿಮ್ಮ ಕಡೆ ಏನಂತಾರೋ ಅದನ್ನೇ ಬರೀರಿ, ಪುಸ್ತಕದ ಮಾತಿಗೆ ತಿದ್ದಬೇಡಿ. ಕಲಬುರಗಿ, ಬಿಜಾಪುರದ ಕಡೆಯವರು ಪುಂಡಿ ಪಲ್ಯ, ಜೋಳದ ನುಚ್ಚಿಂದ ಶುರು ಮಾಡಿ. ಅದರ ಬಗ್ಗೆ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಬಾಡಿನ ಅಡುಗೆ ಬರೆಯೋಕೆ ನಾಚಿಕೆ ಬಿಡಿ, ಯಾವ ಪ್ರಾಣೀದು ಅಂತ ಬಿಡಿಸಿ ಬರೀರಿ. ಇನ್ನು ಅಡುಗೆಯ ಜೊತೆಗೆ ಯಾವ ವರ್ಷ ಯಾವ ಬರಗಾಲದಲ್ಲಿ ಅದನ್ನ ತಿಂದರು, ಯಾವಾಗ ತಿನ್ನೋದು ಬಿಟ್ಟರು ಅಂತ ಅವರು ಹೇಳಿದರೆ ಅದನ್ನೂ ಬಿಡಬೇಡಿ.

ರಜ ಮುಗಿಸಿ ಬಂದ ಮೊದಲ ಭಾನುವಾರ ಇದೇ ಹಾಲಲ್ಲಿ ಸೇರೋಣ. ಹಾಳೆಗಳನ್ನ ಬಾಗಿಲ ಹತ್ತಿರ ಪತ್ರಿಕೆ ಮಾರೋ ಗೆಳೆಯರ ಕೈಗೆ ಕೊಡಿ, ಕಲ್ಲಚ್ಚು ಮಾಡಿ ಹಂಚ್ತಾರೆ. ಸೌದೆ, ಹಿಟ್ಟಿನ ಕೋಲು, ಪಾತ್ರೆ ನಾನು ತರ್ತೀನಿ. ಮುದ್ದೆ ತಿರುವೋರು ಈ ಸಲ ಗಂಡು ಹುಡುಗರು.