ಕಾರ್ಥೇಜಿನ ಬಂದರಿನಲ್ಲಿ ಒಂದು ರಾತ್ರಿ

ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಹೋದವರಿಗೆ ಅಲ್ಲಿನ ಜನಸಂದಣಿ ಗೊತ್ತು. ಕೈಯಲ್ಲಿ ಮೇಣದಬತ್ತಿ, ಮನಸ್ಸಿನಲ್ಲಿ ಒಂದೊಂದು ಕೋರಿಕೆ. ಮಗನಿಗೆ ಕೆಲಸ ಸಿಗಬೇಕು, ಮಗಳಿಗೆ ಗಂಡು ಗೊತ್ತಾಗಬೇಕು, ಯಜಮಾನರು ಕುಡಿತ ಬಿಡಬೇಕು. ಒಂಬತ್ತು ವಾರ ತಪ್ಪದೆ ನೊವೇನಾ ಮುಗಿಸಿದರೂ ಏನೂ ಆಗಲಿಲ್ಲ ಎನ್ನಿ. ಹತ್ತನೆಯ ವಾರ ಮನೆಯಿಂದ ಹೊರಡಲು ಕಾಲೇ ಬರುವುದಿಲ್ಲ.

ಇಂಥ ದಿನಗಳಿಗೆಂದೇ ಯೇಸುಸ್ವಾಮಿ ಒಂದು ಸಾಮತಿ ಹೇಳಿದರು. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಒಬ್ಬ ನ್ಯಾಯಾಧೀಶ, ಅವನಿಗೆ ದೇವರ ಭಯವೂ ಇಲ್ಲ, ಜನರ ಮುಲಾಜೂ ಇಲ್ಲ. ಅದೇ ಊರಿನಲ್ಲಿ ಒಬ್ಬ ವಿಧವೆ. ಅವಳ ಪರವಾಗಿ ಒಂದು ಮಾತಾಡುವ ಗಂಡಾಳು ಇದ್ದಂತಿಲ್ಲ. ಇದ್ದದ್ದು ದಿನಾ ಬಂದು ನಿಲ್ಲುವ ಹಟ ಒಂದೇ. ಕೊನೆಗೆ ಇವಳ ಕಾಟ ತಾಳಲಾರೆನೆಂದು ಅವನು ನ್ಯಾಯ ಕೊಡುತ್ತಾನೆ. ದೇವರನ್ನೂ ಹೀಗೆಯೇ ಪೀಡಿಸಿ ಒಪ್ಪಿಸಬೇಕು ಎಂದು ಇದನ್ನು ಓದುವವರಿದ್ದಾರೆ. ಕಥೆಯ ತರ್ಕ ಅದಲ್ಲ. ಅಂಥ ಕಲ್ಲೆದೆಯವನೇ ಕೊಟ್ಟ ಮೇಲೆ, ತಂದೆಯಾದ ದೇವರು ಕೊಡದೆ ಇರುತ್ತಾನೆಯೇ ಎಂಬುದು ಅಲ್ಲಿನ ಮಾತು. ಸರಿ, ಆದರೆ ತಡವೇಕೆ? ನನಗೆ ಒಂದಿಷ್ಟು ಬೆಳಕು ಸಿಕ್ಕಿದ್ದು ಸಂತ ಮೋನಿಕಾಳ ಬದುಕಿನಲ್ಲಿ.

ಇಂದಿನ ಅಲ್ಜೀರಿಯಾದಲ್ಲಿದ್ದ ತಗಸ್ತೆ ಆಕೆಯ ಊರು. ಮಗ ಅಗಸ್ಟೀನ್ ಹುಟ್ಟಿದ್ದು 354ರಲ್ಲಿ. ಹುಡುಗ ಜಾಣ, ಮಾತಿನಲ್ಲಿ ಯಾರಿಗೂ ಸೋಲುವವನಲ್ಲ. ಹರೆಯದಲ್ಲೇ ತಾಯಿಯ ವಿಶ್ವಾಸವನ್ನು ಬದಿಗಿಟ್ಟು ಮಾನಿ ಎಂಬಾತನ ಪಂಥ ಸೇರಿದ. ತಾಯಿ ಒಬ್ಬ ಧರ್ಮಾಧ್ಯಕ್ಷರ ಬಳಿ ಹೋಗಿ, ಸ್ವಾಮಿ, ನನ್ನ ಮಗನಿಗೆ ನೀವಾದರೂ ಬುದ್ಧಿ ಹೇಳಿ ಎಂದು ಅಂಗಲಾಚಿದಳು. ಅವರೂ ಚಿಕ್ಕಂದಿನಲ್ಲಿ ಅದೇ ಪಂಥದಲ್ಲಿ ಬೆಳೆದವರು. ಓದುತ್ತಾ ಓದುತ್ತಾ ಅವನಿಗೇ ತಿಳಿಯುತ್ತದೆ, ಈಗ ಬಿಡು ಎಂದರು. ಈಕೆ ಬಿಡಲಿಲ್ಲ. ರೇಗಿ ಹೋದ ಅವರು, ಇಷ್ಟೊಂದು ಕಣ್ಣೀರಿಟ್ಟವಳ ಮಗ ಹಾಳಾಗಲಾರ, ಹೋಗಮ್ಮಾ ಎಂದು ಕಳಿಸಿದರು. ಬೇಸರದಲ್ಲಿ ಆಡಿದ ಆ ಮಾತನ್ನೇ ಆಕೆ ದೇವವಾಣಿಯೆಂದು ಸೆರಗಿಗೆ ಕಟ್ಟಿಕೊಂಡಳು.

383ರಲ್ಲಿ ಅಗಸ್ಟೀನ್ ರೋಮಿಗೆ ಹೊರಟ. ತಾಯಿ ಕಾರ್ಥೇಜಿನ ಬಂದರಿನವರೆಗೂ ಬೆನ್ನುಹತ್ತಿ ಬಂದು ಹಿಡಿದುಕೊಂಡಳು: ಮನೆಗೆ ನಡೆ, ಇಲ್ಲವೇ ನನ್ನನ್ನೂ ಕರೆದುಕೊಂಡು ಹೋಗು. ಗೆಳೆಯನನ್ನು ಬೀಳ್ಕೊಡಲು ಬಂದಿದ್ದೇನೆ ಅಷ್ಟೇ ಎಂದು ಮಗ ಸುಳ್ಳು ಹೇಳಿದ. ಹಡಗಿನ ಪಕ್ಕದಲ್ಲೇ ಸಂತ ಸಿಪ್ರಿಯನರ ಸ್ಮಾರಕ ಗುಡಿಯಿತ್ತು. ಆ ರಾತ್ರಿ ಆಕೆ ಅಲ್ಲಿ ಕೂತು, ಮಗ ಹಡಗು ಹತ್ತದಂತೆ ಮಾಡು ಎಂದು ಅಳುತ್ತಾ ಬೇಡಿದಳು. ಗಾಳಿ ಬೀಸಿತು, ಹಡಗು ಹೊರಟೇಹೋಯಿತು. ಬೆಳಿಗ್ಗೆ ದಡದಲ್ಲಿ ಆಕೆಯ ಗೋಳು ಕೇಳುವವರಿಲ್ಲ.

ಮುಂದೆ ಆ ಮಗನೇ ಇದನ್ನು ಬರೆದ. ಅಂದು ಆಕೆ ಕೇಳಿದ್ದನ್ನು ದೇವರು ಕೊಡಲಿಲ್ಲ, ಆಕೆ ಎಂದಿನಿಂದಲೂ ಕೇಳುತ್ತಿದ್ದುದನ್ನು ಕೊಡುವುದಕ್ಕಾಗಿ ಎಂಬುದು ಅವನ ಮಾತಿನ ಸಾರ. ರೋಮಿನಿಂದ ಅವನು ಮಿಲಾನಿಗೆ ಹೋದ, ಅಲ್ಲಿ ಧರ್ಮಾಧ್ಯಕ್ಷ ಆಂಬ್ರೋಸರ ಪ್ರಸಂಗಗಳು ಕಿವಿಗೆ ಬಿದ್ದವು. ತಗಸ್ತೆಯಲ್ಲೇ ಕೂತಿದ್ದರೆ ಬೀಳುತ್ತಿದ್ದವೇ?

ಮೋನಿಕಾ ಬರೀ ಕಣ್ಣೀರಿಟ್ಟು ಕೂರಲಿಲ್ಲ, ತಾನೂ ಸಮುದ್ರ ದಾಟಿ ಮಿಲಾನಿಗೆ ಹೋದಳು. ಹಾಗೆಂದು ಆಕೆ ಮಾಡಿದ್ದೆಲ್ಲ ಸರಿ ಎನ್ನಲಾರೆ. ಅಲ್ಲಿ ಮಗನಿಗೆ ಒಳ್ಳೆಯ ಮನೆತನದ ಹೆಣ್ಣು ಗೊತ್ತುಮಾಡುವುದರಲ್ಲಿ ಮುಂದೆ ನಿಂತವಳು ಆಕೆಯೇ. ಆ ಸಂಬಂಧಕ್ಕೆ ಅಡ್ಡಿಯೆಂದು, ಬಹಳ ವರ್ಷ ಅವನೊಂದಿಗೆ ಬಾಳಿ ಮಗನನ್ನೂ ಹೆತ್ತಿದ್ದ ಹೆಂಗಸನ್ನು ಆಫ್ರಿಕಾಕ್ಕೆ ಹಿಂದಕ್ಕೆ ಕಳಿಸಿದರು. ಅಗಸ್ಟೀನ್ ಅವಳ ಹೆಸರನ್ನೂ ಬರೆದಿಲ್ಲ. ದಾರಿಯುದ್ದಕ್ಕೂ ಅವಳು ಏನು ಬೇಡಿಕೊಂಡಳೋ! ಇಷ್ಟೆಲ್ಲ ಆಗಿ ಆ ಮದುವೆಯೂ ನಡೆಯಲಿಲ್ಲ. ಸೊಸೆಯನ್ನು ಬಯಸಿದ ತಾಯಿಗೆ ಸಿಕ್ಕಿದ್ದು ಮದುವೆಯೇ ಬೇಡವೆಂದು ದೇವರಿಗೆ ಮುಡಿಪಾದ ಮಗ. 387ರ ಪಾಸ್ಖ ಹಬ್ಬದಲ್ಲಿ ಆಂಬ್ರೋಸರ ಕೈಯಿಂದ ಅವನಿಗೆ ದೀಕ್ಷಾಸ್ನಾನವಾಯಿತು.

ಅದೇ ವರ್ಷ ಊರಿಗೆ ಮರಳುವ ದಾರಿಯಲ್ಲಿ, ರೋಮಿನ ಬಂದರು ಓಸ್ತಿಯಾದಲ್ಲಿ ಮೋನಿಕಾ ಜ್ವರ ಬಂದು ತೀರಿಕೊಂಡಳು. ಆಗ ಆಕೆಗೆ 56ನೆಯ ವರ್ಷ, ಮಗನಿಗೆ 33ನೆಯ ವರ್ಷ ನಡೆಯುತ್ತಿತ್ತು. ಊರಿನಲ್ಲಿ ಗಂಡನ ಪಕ್ಕದಲ್ಲೇ ಸಮಾಧಿಗೆ ಜಾಗ ಮಾಡಿಸಿಟ್ಟುಕೊಂಡಿದ್ದವಳು, ಈ ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ಬಲಿಪೀಠದ ಬಳಿ ನನ್ನನ್ನು ನೆನೆದುಕೊಂಡರೆ ಸಾಕು ಎಂದಳು. ಹತ್ತು ವರ್ಷ ಕಳೆದ ಮೇಲೆ ಅಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ ಆಕೆಯ ಕಥೆ ಬರೆದು, ಇದನ್ನು ಓದುವವರೆಲ್ಲ ನನ್ನ ತಾಯಿ ಮೋನಿಕಾಳಿಗಾಗಿ, ತಂದೆ ಪತ್ರಿಕಿಯಸನಿಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡ.