ನಾರುವ ರೋಬೋ, ನಾಲ್ಕು ಹುಡುಗರು

ಇವತ್ತು ಒಂದು ರೋಬೋ ಕಥೆ. ಅದರ ಹೆಸರು ಸ್ಟಿಂಕಿ, ಅಂದ್ರೆ ನಾರೋದು. ಪಿವಿಸಿ ಪೈಪ್ ಅಂಟಿಸೋ ಗಮ್ ವಾಸನೆ ಅಷ್ಟು ಹೊಡೀತಿತ್ತು, ಅದಕ್ಕೇ ಆ ಹೆಸರು.

2004ನೇ ಇಸವಿ. ಅಮೆರಿಕದ ಅರಿಜೋನಾದಲ್ಲಿರೋ ಫೀನಿಕ್ಸ್, ಮರುಭೂಮಿಯ ಊರು. ಅಲ್ಲಿನ ಕಾರ್ಲ್ ಹೇಡನ್ ಹೈಸ್ಕೂಲಿನ ನಾಲ್ಕು ಹುಡುಗರು ನೀರೊಳಗೆ ಓಡಾಡೋ ರೋಬೋ ಮಾಡೋಕೆ ಹೊರಟರು. ಜೊತೆಗೆ ಇಬ್ಬರು ಮೇಷ್ಟ್ರು, ಫ್ರೆಡಿ ಲಜ್ವರ್ದಿ ಮತ್ತು ಆಲನ್ ಕ್ಯಾಮರಾನ್. ಕೈಯಲ್ಲಿ ಸುಮಾರು 800 ಡಾಲರ್. 'ಮೇಟ್' ಸ್ಪರ್ಧೆ ನಡೆದಿದ್ದು ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ. ಇವರು ಕಾಲೇಜಿನವರ ವಿಭಾಗಕ್ಕೇ ಹೆಸರು ಕೊಟ್ಟರು. ಕಾಲೇಜಿನವರ ಎದುರು ಸೋತರೆ ಅವಮಾನ ಏನಿಲ್ಲ ಅನ್ನೋ ಲೆಕ್ಕ. ಎದುರಿಗೆ ಎಂಐಟಿ ಕೂಡ ಇತ್ತು.

ನಮ್ಮನೆ ಓವರ್‌ಹೆಡ್ ಟ್ಯಾಂಕಿಗೆ ಹಾಕ್ತೀವಲ್ಲ, ಅಂಥದ್ದೇ ಪೈಪು. ಅದೇ ಯಾಕೆ ಅಂದ್ರೆ, ನೀರೊಳಗಿನ ರೋಬೋ ಕಲ್ಲಿನ ಥರ ಮುಳುಗಬಾರದು, ಬೆಂಡಿನ ಥರ ತೇಲಲೂಬಾರದು. ಬ್ಯಾಟರಿ, ಮೋಟಾರ್ ಎಲ್ಲಾ ಕೆಳಗೆ ಎಳೀತವೆ. ಪೈಪಿನೊಳಗಿರೋ ಗಾಳಿ ಮೇಲಕ್ಕೆ ಎತ್ತುತ್ತೆ. ಒಂದೇ ಪೈಪು, ಚೌಕಟ್ಟೂ ಹೌದು, ತೇಲಿಸೋ ಬುರುಡೆಯೂ ಹೌದು. ಆರ್ಕಿಮಿಡೀಸನ ತತ್ವನ ನಾನು ಎಕ್ಸಾಮಿಗೆ ಬಾಯಿಪಾಠ ಹೊಡೆದು ಮರೆತವನು. ಇವರಿಗೆ ಮರೆಯೋ ಚಾನ್ಸೇ ಇರಲಿಲ್ಲ, ಲೆಕ್ಕ ತಪ್ಪಿದ್ರೆ ರೋಬೋ ತಳ ಸೇರುತ್ತೆ.

ಅಲ್ಲಿಗೆ ಹೋದ ಮೇಲೆ ಎಲೆಕ್ಟ್ರಾನಿಕ್ಸ್ ಇಟ್ಟಿದ್ದ ಪೆಟ್ಟಿಗೆ ಸೋರೋಕೆ ಶುರು! ನೀರು ಸರ್ಕ್ಯೂಟ್ ಮುಟ್ಟಿದ್ರೆ ಕಥೆ ಮುಗೀತು. ಆಗ ಲೊರೆಂಜೊ ಸ್ಯಾಂಟಿಲಾನ್‌ಗೆ ಹೊಳೆದಿದ್ದು ಟ್ಯಾಂಪಾನ್. ಹೌದು, ಪೀರಿಯಡ್ಸ್ ಟೈಮಲ್ಲಿ ಬಳಸೋದೇ. ಹೀರಿಕೊಳ್ಳೋಕೆ ಅದಕ್ಕಿಂತ ಒಳ್ಳೇದು ಇನ್ನೇನಿದೆ? ನಾಚ್ಕೊಂಡೇ ಅಂಗಡಿಗೆ ಹೋಗಿ ತಂದು ಪೆಟ್ಟಿಗೆಯೊಳಗೆ ಇಟ್ಟರು. ಕೆಲಸ ಮಾಡ್ತು.

ರೋಬೋ ಓಡಿಸಿದ್ರೆ ಮಾತ್ರ ಸಾಲಲ್ಲ, ತೀರ್ಪುಗಾರರ ಮುಂದೆ ಕೂತು ಯಾಕೆ ಹೀಗೆ ಮಾಡಿದ್ರಿ ಅಂತ ವಿವರಿಸಬೇಕು. ಬೇರೆಯವರು ಕಟ್ಟಿಕೊಟ್ಟಿದ್ರೆ ಅಲ್ಲೇ ಸಿಕ್ಕಿಬೀಳ್ತೀರಿ. ಈ ಹುಡುಗರು ಸಿಕ್ಕಿಬೀಳಲಿಲ್ಲ. ಒಟ್ಟಾರೆ ಮೊದಲ ಸ್ಥಾನ ಇವರದೇ, ಎಂಐಟಿ ಎರಡನೇದು.

ಇವರ ಕಥೆ 2015ರಲ್ಲಿ 'ಸ್ಪೇರ್ ಪಾರ್ಟ್ಸ್' ಅಂತ ಸಿನಿಮಾನೂ ಆಯ್ತು. ಆದ್ರೆ ನನ್ನ ತಲೇಲಿ ಉಳಿದಿದ್ದು ಗೆದ್ದ ಮೇಲಿನ ಕಥೆ. ಮೆಕ್ಸಿಕೋದಿಂದ ಚಿಕ್ಕವರಿದ್ದಾಗ ಬಂದ ಹುಡುಗರು, ಕಾನೂನಿನ ಕಾಗದಪತ್ರ ಇರಲಿಲ್ಲ. 2006ರಲ್ಲಿ ಅರಿಜೋನಾ ಮತದಾರರು ಅಂಥ ವಿದ್ಯಾರ್ಥಿಗಳಿಗೆ ಸ್ಥಳೀಯರ ಫೀಸು ಸಿಗದ ಹಾಗೆ ಮಾಡಿದ್ರು. ಕ್ರಿಸ್ಟಿಯನ್ ಆರ್ಸೆಗಾ ಯೂನಿವರ್ಸಿಟಿ ಬಿಡಬೇಕಾಯ್ತು. ಆಸ್ಕರ್ ವಾಸ್ಕೆಜ್ 2009ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಡಿಗ್ರಿ ಮುಗಿಸಿ, ಕಾನೂನು ಪ್ರಕಾರವೇ ಬರ್ತೀನಿ ಅಂತ ಹೆಂಡತಿ, ಮಗು ಬಿಟ್ಟು ಮೆಕ್ಸಿಕೋಗೆ ಹೋದ. ವಾಪಸ್ ಬರೋಕೆ ಆಗಿದ್ದು 2010ರಲ್ಲಿ. ಆಮೇಲೆ ಅಮೆರಿಕದ ಸೈನ್ಯ ಸೇರಿದ.

ಮುಂದಿನ ಎಪಿಸೋಡಲ್ಲಿ ಸಿಗೋಣ.